‘ಜೂನಿಯರ್’ ಅಂದರೆ ಯಾರಿಗೆ ಜೂನಿಯರ್? ಕಾಲೇಜು ಬ್ಯಾಸ್ಕೆಟ್‌ಬಾಲ್ ಮುನ್ನೋಟಕ್ಕೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಡ್ಯೂಕ್ ವಿಶ್ವವಿದ್ಯಾಲಯ ಇರುವ ಡರಮ್ ಊರಿಂದ ಅರ್ಧ ಗಂಟೆ ದೂರ. ಇಲ್ಲಿ ಅಕ್ಟೋಬರ್ ಕಳೆಯುತ್ತಿದ್ದ ಹಾಗೆ ಆಫೀಸು, ಅಂಗಡಿ, ಬಸ್ ಸ್ಟಾಪು ಎಲ್ಲ ಕಡೆ ಒಂದೇ ಮಾತು: ಈ ಸಲ ಡ್ಯೂಕ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಯಾರಿದ್ದಾರೆ? ಇಲ್ಲಿನ ಕನ್ನಡಿಗರ ಪುಟ್ಟ ಪತ್ರಿಕೆಯೊಂದಕ್ಕೆ ಅದರ ಮುನ್ನೋಟ ಬರೆದುಕೊಡುತ್ತೇನೆ ಅಂತ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ.

ಕೈ ಪಳಗಲಿ ಅಂತ ಮೊದಲು 2024-25ರ ಹಳೆಯ ತಂಡದ ಮೇಲೆ ಒಂದು ಕರಡು ಬರೆದೆ. ಆ ಸೀಸನ್ ಮುಗಿದಿದೆ, ಏನಾಯ್ತು ಅಂತ ಗೊತ್ತು, ಆಟದ ಚಿಂತೆ ಬಿಟ್ಟು ಪದಗಳನ್ನಷ್ಟೇ ನೋಡಬಹುದು ಅನ್ನುವುದು ಲೆಕ್ಕ. ಬರೆದದ್ದನ್ನು ಉಡುಪಿಯಲ್ಲಿರುವ ಅಕ್ಕನಿಗೆ ಕಳಿಸಿದೆ. ಮೊದಲ ವಾಕ್ಯವೇ ‘ಜೂನಿಯರ್ ಟೈರೀಸ್ ಪ್ರಾಕ್ಟರ್ ಈ ತಂಡದ ಅನುಭವಿ ಆಟಗಾರ.’ ಅಕ್ಕ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟಳು: ‘ಜೂನಿಯರ್ ಅಂತೀಯ, ಅನುಭವಿ ಅಂತೀಯ. ಅವನು ಯಾರಿಗೆ ಜೂನಿಯರ್?’

ಅವಳು ಕೇಳಿದ್ದು ಸರಿ. ನಮ್ಮಲ್ಲಿ ಜೂನಿಯರ್, ಸೀನಿಯರ್ ಅಂದರೆ ಅಣ್ಣ ತಮ್ಮ ಇದ್ದ ಹಾಗೆ. ಇನ್ನೊಬ್ಬರ ಲೆಕ್ಕದಲ್ಲಿ ಮಾತ್ರ ಅರ್ಥ. ‘ಅವನು ನನಗಿಂತ ಎರಡು ವರ್ಷ ಜೂನಿಯರ್’ ಅನ್ನುತ್ತೇವೆ. ಅಮೆರಿಕದ ಕಾಲೇಜಿನಲ್ಲಿ ಹಾಗಲ್ಲ, ಅದು ಮೆಟ್ಟಿಲಿನ ಹೆಸರು. ಮೊದಲ ವರ್ಷದವನು ಫ್ರೆಶ್‌ಮನ್, ಎರಡನೆಯವನು ಸಾಫಮೋರ್, ಮೂರನೆಯವನು ಜೂನಿಯರ್, ನಾಲ್ಕನೆಯವನು ಸೀನಿಯರ್. ಆಸ್ಟ್ರೇಲಿಯಾದ ಸಿಡ್ನಿಯಿಂದ ಬಂದ ಪ್ರಾಕ್ಟರ್‌ಗೆ ಅದು ಡ್ಯೂಕ್‌ನಲ್ಲಿ ಮೂರನೇ ವರ್ಷ. ಅವನಿಗಿಂತ ಹೆಚ್ಚು ದಿನ ಡ್ಯೂಕ್ ಪರ ಆಡಿದ ಮುಖ್ಯ ಆಟಗಾರ ಆಗ ತಂಡದಲ್ಲಿ ಇನ್ನೊಬ್ಬ ಇರಲಿಲ್ಲ. ಹಾಗಾಗಿ ಇಲ್ಲಿಯವರ ಕಿವಿಗೆ ‘ಅನುಭವಿ ಜೂನಿಯರ್’ ಸಹಜ, ಅಕ್ಕನ ಕಿವಿಗೆ ‘ಬಿಸಿ ಐಸ್‌ಕ್ರೀಮ್’.

ಫ್ರೆಶ್‌ಮನ್ ಕೂಡ ಹೀಗೇ ಕೈ ಕೊಡುತ್ತದೆ. ಬೆಂಗಳೂರಿನಲ್ಲಿ ಫ್ರೆಶರ್ ಅಂದರೆ ಡಿಗ್ರಿ ಮುಗಿಸಿ ಕೆಲಸ ಹುಡುಕುವವನು. ಇಲ್ಲಿ ಫ್ರೆಶ್‌ಮನ್ ಅಂದರೆ ಡಿಗ್ರಿ ಶುರು ಮಾಡಿದವನು. ‘ಹೊಸಬ’ ಅಂತ ಬರೆದರೆ ಬೇರೆ ಕಾಲೇಜಿನಿಂದ ಬಂದವರೂ ಹೊಸಬರೇ ಅಲ್ವಾ? ಸಾಫಮೋರ್ ಪದಕ್ಕೆ ‘ಜಾಣ ದಡ್ಡ’ ಅಂತ ಅರ್ಥ ಬಿಡಿಸಿ ತಮಾಷೆ ಮಾಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗೆ ನೋಡಿದರೆ ನಮ್ಮ ‘ಅರೆಬೆಂದವನು’ ಹತ್ತಿರ ಬರುತ್ತದೆ, ಆದರೆ ಆ ವರ್ಷದ ಸಾಫಮೋರ್ ಕೇಲಬ್ ಫಾಸ್ಟರ್ ಬಗ್ಗೆ ಹಾಗೆ ಬರೆಯುವ ಧೈರ್ಯ ನನಗಿಲ್ಲ. ಸದ್ಯಕ್ಕೆ ಮೊದಲ ವರ್ಷದವನು, ಎರಡನೇ ವರ್ಷದವನು ಅಂತಲೇ ಇಟ್ಟಿದ್ದೇನೆ. ಉದ್ದ ಹೌದು, ಗೊಂದಲ ಇಲ್ಲ.

ಗೊಂದಲ ಇಲ್ಲ ಅಂದುಕೊಂಡದ್ದು ಮೇಸನ್ ಗಿಲಿಸ್ ಹೆಸರು ಬರುವವರೆಗೆ. ಅವನು 2019ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದವನು. ಮೊದಲ ವರ್ಷ ಪಂದ್ಯ ಆಡಲಿಲ್ಲ. ಆಮೇಲೆ ನಾಲ್ಕು ವರ್ಷ ಆಡಿದ. ಅದರಲ್ಲಿ 2020-21 ಕೋವಿಡ್ ವರ್ಷ ಅಂತ ಲೆಕ್ಕಕ್ಕೆ ಸೇರಲಿಲ್ಲ. ಹೀಗೆ ಉಳಿದ ಒಂದು ವರ್ಷ ಆಡಲು ಡ್ಯೂಕ್‌ಗೆ ಬಂದ. ‘ಆರನೇ ವರ್ಷದ ಗಿಲಿಸ್’ ಅಂತ ಬರೆದರೆ ನಮ್ಮೂರಿನವರು ಏನು ತಿಳಿಯುತ್ತಾರೆ ಹೇಳಿ? ಪಾಪ, ಎಷ್ಟು ಸಬ್ಜೆಕ್ಟು ಬಾಕಿ ಇವೆಯೋ ಅಂತ.

ಕಾಲೇಜಿನಲ್ಲಿ ಇದ್ದೂ ಒಂದು ಸೀಸನ್ ಆಡದೆ ಕೂರುವುದಕ್ಕೆ ಇಲ್ಲಿ ರೆಡ್‌ಶರ್ಟ್ ಅನ್ನುತ್ತಾರೆ. ಅಂಥವರು ಅಭ್ಯಾಸದಲ್ಲಿ ಕೆಂಪಂಗಿ ಹಾಕುತ್ತಿದ್ದರಂತೆ, ಅದರಿಂದ ಬಂದ ಹೆಸರು. ‘ಕೆಂಪಂಗಿ’ ಅಂತ ಸೀದಾ ಬರೆದರೆ ರೈಲ್ವೆ ಸ್ಟೇಷನ್ನಿನ ಹಮಾಲಿ ನೆನಪಾಗುತ್ತಾನೆ. ‘ಒಂದು ವರ್ಷ ಹೋಯ್ತು’ ಅಂದರೆ ಫೇಲಾದ ಹಾಗೆ. ವಿಷಯ ತಿರುಗುಮುರುಗು: ವರ್ಷ ಹೋಗಿಲ್ಲ, ಉಳಿದಿದೆ. ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು ಅನ್ನುವುದು ಆ ಕಾಲದ ನಿಯಮ. ಆದ್ದರಿಂದ ಕೂತ ವರ್ಷ ಗಂಟಿನಲ್ಲಿ ಇದ್ದ ಹಾಗೆ. ನಾನು ‘ಆಡುವ ವರ್ಷ’ ಅನ್ನುವ ಮಾತು ಮಾಡಿಕೊಂಡಿದ್ದೇನೆ. ‘ಗಿಲಿಸ್‌ಗೆ ಇನ್ನೊಂದು ಆಡುವ ವರ್ಷ ಬಾಕಿ ಇದೆ.’ ‘ಅರ್ಹತಾ ಅವಧಿ’ಗಿಂತ ಇದು ವಾಸಿ ಅಂತ ನನಗನಿಸುತ್ತದೆ. ನಿಮಗೆ?

ಈಗ ದೊಡ್ಡ ತಲೆನೋವಿಗೆ ಬರುತ್ತೇನೆ: ಟ್ರಾನ್ಸ್‌ಫರ್.

2024ರ ವಸಂತದಲ್ಲಿ ಡ್ಯೂಕ್ ಮನೆ ಹೆಚ್ಚುಕಡಿಮೆ ಖಾಲಿಯಾಯಿತು. ಜೆರೆಡ್ ಮೆಕೇನ್, ಕೈಲ್ ಫಿಲಿಪೌಸ್ಕಿ ಇಬ್ಬರೂ ಎನ್‌ಬಿಎಗೆ, ಅಂದರೆ ಇಲ್ಲಿಯ ವೃತ್ತಿಪರ ಲೀಗಿಗೆ ಹೋದರು. ಏಳು ಮಂದಿ ಬೇರೆ ಬೇರೆ ಕಾಲೇಜು ಹಿಡಿದರು. ಜೆರೆಮಿ ರೋಚ್ ಬೇಲರ್‌ಗೆ, ಮಾರ್ಕ್ ಮಿಚೆಲ್ ಮಿಸೂರಿಗೆ, ಹೀಗೆ. ಒಳಗೆ ಬಂದವರಲ್ಲಿ ಪರ್ಡ್ಯೂನಿಂದ ಗಿಲಿಸ್, ಟುಲೇನ್‌ನಿಂದ ಸೈಯಾನ್ ಜೇಮ್ಸ್, ಸಿರಕ್ಯೂಸ್‌ನಿಂದ ಮಲೀಕ್ ಬ್ರೌನ್, ರೈಸ್‌ನಿಂದ ಕ್ಯಾಮರನ್ ಶೆಫೀಲ್ಡ್. ಹೀಗೆ ಓಡಾಡಲು ದಾರಿ ಸಲೀಸಾಗಿದ್ದು ಇತ್ತೀಚೆಗೆ. 2018ರಲ್ಲಿ ಕಾಲೇಜು ಬಿಡಬೇಕೆನ್ನುವವರ ಹೆಸರು ಹಾಕುವ ಪೋರ್ಟಲ್ ಬಂತು. 2021ರಲ್ಲಿ ಒಂದು ಸಲ ಬದಲಿಸಿದರೆ ಒಂದು ವರ್ಷ ಕೂರಬೇಕಿಲ್ಲ ಅಂದರು. 2024ರಲ್ಲಿ ಎಷ್ಟು ಸಲ ಬದಲಿಸಿದರೂ ಸರಿ, ಓದು ಸರಿಯಿದ್ದರೆ ಆಯ್ತು ಅಂದರು.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ವರ್ಗಾವಣೆ’ ಸರ್ಕಾರಿ ಮಾತು. ಮೇಲಿನವರು ಮಾಡಿಸುವುದು, ನಮಗೆ ಆಗುವುದು. ‘ಮೇಷ್ಟ್ರಿಗೆ ಬೀದರಿಗೆ ವರ್ಗ ಆಯ್ತು’ ಅನ್ನುತ್ತೇವೆ. ಇಲ್ಲಿ ಹುಡುಗನೇ ಹೊರಟಿದ್ದಾನೆ. ‘ವಲಸಿಗ’ ಬರೆದು ನೋಡಿದೆ. ಆದರೆ 2019ರ ನಂತರ ಆ ಪದಕ್ಕೆ ಶಾಸಕರ ವಾಸನೆ ಅಂಟಿಕೊಂಡಿದೆ. ‘ಮೂಲ ಮತ್ತು ವಲಸಿಗ’ ಅಂದ ಕೂಡಲೇ ಓದುವವರಿಗೆ ಖಾತೆ ಹಂಚಿಕೆ ನೆನಪಾಗುತ್ತದೆ. ‘ಟೀಸಿ ತಗೊಂಡು ಬಂದವನು’ ನನಗೆ ತುಂಬಾ ಇಷ್ಟವಾಗಿತ್ತು, ಕಾಲೇಜಿನ ಮಾತು, ಎಲ್ಲರಿಗೂ ಗೊತ್ತು. ಅದಕ್ಕೂ ಅಕ್ಕನ ಆಕ್ಷೇಪ: ಟೀಸಿ ತಗೊಂಡರು ಅನ್ನುವುದಕ್ಕಿಂತ ಟೀಸಿ ಕೊಟ್ಟು ಕಳಿಸಿದರು ಅನ್ನುವುದೇ ಊರಲ್ಲಿ ಜಾಸ್ತಿ, ಹುಡುಗ ಏನೋ ಗಲಾಟೆ ಮಾಡಿದ್ದಾನೆ ಅಂತ ಜನ ಅಂದುಕೊಳ್ಳುತ್ತಾರೆ ಅಂತ.

ಕೊನೆಗೆ ಅವಳೇ ಫೋನಿನಲ್ಲಿ ಹೇಳಿದಳು. ‘ಇದು ಮೇಳ ಬದಲಿಸಿದ ಹಾಗೆ ಅಲ್ವಾ?’

ನಾನು ಅರೆಕ್ಷಣ ಸುಮ್ಮನಾದೆ. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಯಕ್ಷಗಾನ ಮೇಳಗಳು, ಅಂದರೆ ಆಟ ಆಡುವ ತಂಡಗಳು, ನವೆಂಬರ್ ಹೊತ್ತಿಗೆ ತಿರುಗಾಟ ಹೊರಡುತ್ತವೆ. ಮೇ ತಿಂಗಳ ಕೊನೆಗೆ, ತುಳುನಾಡಿನ ಪತ್ತನಾಜೆ ದಿನದ ಆಸುಪಾಸಿನಲ್ಲಿ ಗೆಜ್ಜೆ ಬಿಚ್ಚುತ್ತಾರೆ. ನಡುವಿನ ಮಳೆಗಾಲದಲ್ಲಿ ಚಹಾ ಅಂಗಡಿಗಳಲ್ಲಿ ನಡೆಯುವ ಮಾತೇ ಬೇರೆ. ಯಾವ ಭಾಗವತರು ಯಾವ ಮೇಳಕ್ಕೆ, ಸ್ತ್ರೀವೇಷಕ್ಕೆ ಯಾರು ಬಂದರು, ಹಾಸ್ಯಗಾರರು ಮೇಳ ಬಿಟ್ಟರಂತೆ ಹೌದಾ, ಮುಂಗಡ ಎಷ್ಟು ಕೊಟ್ಟರಂತೆ. ನಮ್ಮಪ್ಪ ಈ ಲೆಕ್ಕವನ್ನು ಅಡಿಕೆ ಸುಲಿಯುತ್ತಾ ಗಂಟೆಗಟ್ಟಲೆ ಹೇಳುತ್ತಿದ್ದರು. ಇಲ್ಲಿಯ ಬ್ಯಾಸ್ಕೆಟ್‌ಬಾಲೂ ನವೆಂಬರಿನಲ್ಲೇ ಹೊರಡುತ್ತದೆ, ಏಪ್ರಿಲ್ ಮೊದಲ ವಾರ ಮುಗಿಯುತ್ತದೆ. ಬೇಸಿಗೆಯಲ್ಲಿ ಇದೇ ಮಾತು. ಮುಂಗಡ ಕೂಡ ಬಂದಿದೆ: 2021ರಿಂದ ಆಟಗಾರರು ತಮ್ಮ ಹೆಸರು, ಮುಖದ ಬಲದಿಂದ ದುಡಿಯಬಹುದು, 2025ರಿಂದ ಕಾಲೇಜುಗಳೇ ನೇರ ಹಣ ಕೊಡಬಹುದು.

‘ಮೇಳ ಬಿಟ್ಟ’, ‘ಮೇಳ ಸೇರಿದ’ ಅನ್ನುವುದರಲ್ಲಿ ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ. ಬಿಟ್ಟವನು ತಾನೇ ಬಿಟ್ಟ. ಅದು ನನಗೆ ಬೇಕಾದ ಅಳತೆ. ಸೀಸನ್‌ಗೆ ‘ತಿರುಗಾಟ’ ಅನ್ನಬಹುದಾ ಅಂತಲೂ ಆಸೆಯಾಯಿತು. ‘ಈ ತಿರುಗಾಟದಲ್ಲಿ ಡ್ಯೂಕ್’ ಅಂತ ಬರೆದೂ ನೋಡಿದೆ. ಉತ್ತರ ಕರ್ನಾಟಕದ ಗೆಳೆಯ ಓದಿ, ‘ಏನ್ರೀ, ಟೂರ್ ಹೊಂಟಾರೇನು?’ ಅಂದ. ಅಳಿಸಿದೆ. ಆದರೆ ‘ಮೇಳ ಬದಲಿಸಿದವನು’ ಅಂದದ್ದು ಅವನಿಗೂ ತಿಳಿಯಿತು. ಕರಾವಳಿ, ಮಲೆನಾಡಿನ ಹೊರಗಿನವರು ಇದನ್ನು ಹೇಗೆ ಓದುತ್ತೀರಿ ಅಂತ ಮುಖ್ಯವಾಗಿ ಕೇಳಬೇಕಿದೆ. ಜಾತ್ರೆ, ಕುಂಭಮೇಳ ಅಡ್ಡ ಬರುತ್ತದಾ?

ಈ ದಾರಿ ಹಿಡಿದ ಮೇಲೆ ಇನ್ನೊಂದು ಹೊಳೆಯಿತು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮುಖ್ಯ ವೇಷಧಾರಿಯನ್ನು ‘ಎರಡನೇ ವೇಷ’ ಅನ್ನುತ್ತಾರೆ. ಮೊದಲನೇ ವೇಷ ಯಾರು ಅಂದರೆ ಭಾಗವತರು, ವೇಷ ಹಾಕದೆ ಕೂತು ಆಡಿಸುವವರು. ಕಾಲೇಜು ತಂಡದಲ್ಲಿ ಕೋಚ್ ಹಾಗೇ. ಆಟಗಾರರು ವರ್ಷ ವರ್ಷ ಬದಲಾಗುತ್ತಾರೆ, ಮುನ್ನೋಟದಲ್ಲಿ ಗಟ್ಟಿಯಾಗಿ ಉಳಿಯುವ ಹೆಸರು ಅದೊಂದೇ. ಡ್ಯೂಕ್‌ನಲ್ಲಿ 2022ರವರೆಗೆ ಮೈಕ್ ಶಶೆವ್‌ಸ್ಕಿ, ಆಮೇಲೆ ಅವರ ಶಿಷ್ಯ ಜಾನ್ ಶಾಯರ್. (ಹೌದು, ಉಚ್ಚಾರ ಹೆಚ್ಚುಕಡಿಮೆ ಶಾಯರ್ ಅಂತಲೇ. ಶಾಯರಿ ಹೇಳುತ್ತಾರಾ ಅಂತ ಅಕ್ಕ ಕೇಳಿದ್ದಾಳೆ.)

ಮುಂದಿನ ಪದ ‘ಒನ್ ಆ್ಯಂಡ್ ಡನ್’. ಎನ್‌ಬಿಎ 2006ರಿಂದ ಹೈಸ್ಕೂಲು ಮುಗಿಸಿದ ಹುಡುಗರನ್ನು ನೇರ ತಗೊಳ್ಳುವುದಿಲ್ಲ. ವಯಸ್ಸು 19 ಆಗಬೇಕು, ಹೈಸ್ಕೂಲು ಬಿಟ್ಟು ಒಂದು ವರ್ಷ ಕಳೆದಿರಬೇಕು. ಹಾಗಾಗಿ ಪ್ರತಿಭಾವಂತರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಡುತ್ತಾರೆ. ನನಗೆ ಮೊದಲು ಬಾಯಿಗೆ ಬಂದದ್ದು ‘ಬಂದ ಪುಟ್ಟ, ಹೋದ ಪುಟ್ಟ’. ಎಷ್ಟು ಚೆನ್ನಾಗಿ ಕೂರುತ್ತದೆ! ಬಂದ, ಹೋದ, ಮುಗೀತು. ಆದರೆ ನಮ್ಮ ಪುಟ್ಟ ಬಂದು ಹೋದದ್ದರಿಂದ ಏನೂ ಪ್ರಯೋಜನ ಆಗಿಲ್ಲ ಅನ್ನುವ ಚುಚ್ಚು ಅದರಲ್ಲಿದೆ. ಡ್ಯೂಕ್ 2015ರಲ್ಲಿ ಚಾಂಪಿಯನ್ ಆದದ್ದೇ ಇಂಥ ಪುಟ್ಟಂದಿರಿಂದ. ಟೈಯಸ್ ಜೋನ್ಸ್, ಜಲೀಲ್ ಓಕಫೋರ್, ಜಸ್ಟೀಸ್ ವಿನ್ಸ್‌ಲೋ ಮೂವರೂ ಮೊದಲ ವರ್ಷದವರು, ಮೂವರೂ ಗೆದ್ದು ಹೊರಟುಹೋದರು. ಕೆಲಸ ಮುಗಿಸಿ ಹೋದವರನ್ನು ಪುಟ್ಟ ಅನ್ನುವುದು ತಪ್ಪು. ‘ಒಂದು ವರ್ಷದ ಅತಿಥಿ’ ಸಪ್ಪೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೂಪರ್ ಫ್ಲ್ಯಾಗ್ ಬಗ್ಗೆ ಬರೆಯುವಾಗ ಮಾತ್ರ ಒಂದು ಪದ ತಾನಾಗಿ ಸಿಕ್ಕಿತು. ಮೇನ್ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನವನು. ಹೈಸ್ಕೂಲನ್ನು ಒಂದು ವರ್ಷ ಮುಂಚೆ ಮುಗಿಸಿ ಬಂದ. ಸೀಸನ್ ಶುರುವಾದಾಗ ಇನ್ನೂ 17. ಇಲ್ಲಿ ಇದಕ್ಕೆ ರೀಕ್ಲಾಸಿಫೈ ಅಂತ ಬಾಯಿ ತುಂಬುವ ಪದ ಇದೆ. ನಮಗೆ ‘ಡಬಲ್ ಪ್ರಮೋಷನ್’ ಇದೆಯಲ್ಲ! ಇದನ್ನು ಯಾರೂ ತಿದ್ದಬೇಡಿ, ನಾನು ಬಿಟ್ಟುಕೊಡುವುದಿಲ್ಲ.

ಗಾರ್ಡ್, ಫಾರ್ವರ್ಡ್, ಸೆಂಟರ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ನಮ್ಮ ಹೈಸ್ಕೂಲು ಅಂಗಳದಲ್ಲೂ ಹಾಗೇ ಅನ್ನುತ್ತಿದ್ದೆವು. ರೋಸ್ಟರ್‌ಗೆ, ಅಂದರೆ ತಂಡದಲ್ಲಿರುವವರ ಪಟ್ಟಿಗೆ, ‘ಬಳಗ’. ಕ್ರಿಕೆಟ್ ಪುಟದ ‘ಹನ್ನೊಂದರ ಬಳಗ’ ಅಭ್ಯಾಸವಾಗಿದೆ, ‘ಐವರ ಬಳಗ’ವೂ ನಡೆಯುತ್ತದೆ. ಡೆಪ್ತ್‌ಗೆ ‘ಆಳ’ ಬರೆದರೆ ಬಾವಿಯ ಸುದ್ದಿಯಾಗುತ್ತದೆ, ‘ಬೆಂಚಿನ ಬಲ’ ಸಾಕು.

ಇನ್ನು ಪದ ಅಲ್ಲ, ಕ್ರಿಯಾಪದದ ರೂಪ. ಮುನ್ನೋಟ ಅಂದರೆ ಆಗದೇ ಇರುವುದರ ಬಗ್ಗೆ ಬರೆಯುವುದು. ಪತ್ರಿಕೆಗಳು ‘ಆಡುವ ಸಾಧ್ಯತೆ ಇದೆ’, ‘ಗಳಿಸುವ ನಿರೀಕ್ಷೆ ಇದೆ’ ಅಂತ ಸಾಲು ಸಾಲು ಬರೆಯುತ್ತವೆ. ಮೂರು ವಾಕ್ಯ ಓದುವಷ್ಟರಲ್ಲಿ ಆಕಳಿಕೆ. ಕನ್ನಡದಲ್ಲಿ ಇದಕ್ಕೆಂದೇ ಒಂದು ರೂಪ ಇದೆ: ಬಂದಾನು, ಆಡಿಯಾನು, ಗೆದ್ದಾರು. ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಕಲಿತು ಮರೆತದ್ದು. ‘ಹುಷಾರು, ಬಿದ್ದೀಯ!’ ಅನ್ನುವಾಗ ಇವತ್ತಿಗೂ ಬಾಯಲ್ಲಿ ಇದೆ. ‘ಏಳಡಿ ಎರಡಿಂಚಿನ ಖಮಾನ್ ಮಲುವಾಚ್ ಬುಟ್ಟಿಯ ಕೆಳಗೆ ಯಾರನ್ನೂ ಬಿಡದೇ ಇದ್ದಾನು’ ಅಂತ ಬರೆದೆ. (ದಕ್ಷಿಣ ಸುಡಾನ್ ಪರ ಪ್ಯಾರಿಸ್ ಒಲಿಂಪಿಕ್ಸ್ ಆಡಿ ಬಂದ ಹುಡುಗ.) ನನಗೆ ಇದು ಜೀವಂತವಾಗಿ ಕೇಳಿಸುತ್ತದೆ. ಸಂಪಾದಕರಿಗೆ ಹಳೆಗಾಲದ್ದು ಅನಿಸಿತಂತೆ. ನಾನಂತೂ ನನ್ನ ಪಕ್ಷದಲ್ಲೇ ಇದ್ದೇನೆ. ಆದರೂ ನಿಮ್ಮ ಕಿವಿ ಏನನ್ನುತ್ತದೆ ಅಂತ ಬೇಕು.

ಕೊನೆಯದು ನನ್ನನ್ನು ಹೆಚ್ಚು ಕಾಡಿದ್ದು. ಇಲ್ಲಿಯ ಮುನ್ನೋಟಗಳು ಶುರುವಾಗುವುದೇ ‘ರಿಟರ್ನಿಂಗ್’ ಆಟಗಾರರಿಂದ. ‘ಮರಳಿದವರು’ ಅಂತ ಬರೆದರೆ ಎಲ್ಲಿಗೋ ಹೋಗಿ ಬಂದ ಹಾಗಾಯಿತು. ಪ್ರಾಕ್ಟರ್, ಫಾಸ್ಟರ್ ಎಲ್ಲಿಗೂ ಹೋಗಿರಲಿಲ್ಲ, ಎಲ್ಲರೂ ಹೋದಾಗ ಅವರು ಇದ್ದರು. ‘ಉಳಿಸಿಕೊಂಡ ಆಟಗಾರರು’ ಐಪಿಎಲ್ ಮಾತು, ಅಲ್ಲಿ ಉಳಿಸಿಕೊಳ್ಳುವುದು ಮಾಲೀಕ. ‘ಉಳಿದವರು’ ಅಂದರೆ ಇತರರು ಅನ್ನುವ ಅರ್ಥವೂ ಇದೆ, ಮಿಕ್ಕವರು, ಯಾರಿಗೂ ಬೇಡವಾದವರು ಅನ್ನುವ ಅರ್ಥವೂ ಇಣುಕುತ್ತದೆ.

ಈ ಪದ ಯಾಕೆ ಬೇಕೇಬೇಕು ಅಂದರೆ, ಆ ತಂಡ 35 ಪಂದ್ಯ ಗೆದ್ದು 4 ಸೋತಿತು. ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್‌ನಲ್ಲಿ ಹ್ಯೂಸ್ಟನ್ ಎದುರು 14 ಅಂಕ ಮುಂದಿದ್ದೂ 70-67ರಲ್ಲಿ ಕೈಚೆಲ್ಲಿತು. ಆಮೇಲೆ ಮೊದಲ ಐವರೂ, ಅಂದರೆ ಫ್ಲ್ಯಾಗ್, ಕಾನ್ ಕನಿಪಲ್, ಮಲುವಾಚ್, ಜೇಮ್ಸ್, ಪ್ರಾಕ್ಟರ್, ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಹೋದರು. ಮುಂದಿನ ಮುನ್ನೋಟ ಬರೆಯುವವನಿಗೆ ಹಿಡಿದುಕೊಳ್ಳಲು ಇದ್ದದ್ದು ಫಾಸ್ಟರ್, ಬ್ರೌನ್, ಐಸಾಯಾ ಎವನ್ಸ್ ಥರದ ನಾಲ್ಕೈದು ಹೆಸರು. ಅವರ ಬಗ್ಗೆ ಮೊದಲ ವಾಕ್ಯ ಬರೆಯಲೇಬೇಕು.

ಸದ್ಯಕ್ಕೆ ಹೀಗಿದೆ, ತಿದ್ದಿ: ‘ಐವರು ಹೋದರು, ಕೆಲವರು ಮೇಳ ಬದಲಿಸಿದರು. ಮೂರನೇ ವರ್ಷದ ಕೇಲಬ್ ಫಾಸ್ಟರ್ ನಿಂತ.’ ‘ಉಳಿದ’ ಅಳಿಸಿ ‘ನಿಂತ’ ಹಾಕಿದ್ದೇನೆ. ಓಡುವ ಆಟದಲ್ಲಿ ‘ನಿಂತ’ ಅಂದರೆ ಅಕ್ಕ ಮತ್ತೆ ಫೋನ್ ಮಾಡಿಯಾಳು ಅಂತ ಒಂದು ಹೆದರಿಕೆ.