ಆಲೆಮನೆ ಹೊಗೆಗೆ ಸ್ನೇಕ್ ಪ್ಲಾಂಟ್ ಸಾಕಾ?

ಪ್ರಶ್ನೆ (ಮಂಡ್ಯ): ಸರ್, ನಮ್ಮ ಮನೆ ಹಿಂದೆಯೇ ಆಲೆಮನೆ. ಗಾಳಿ ಈ ಕಡೆ ತಿರುಗಿದರೆ ಕಿಟಕಿ ಸರಳಿನ ಮೇಲೆಲ್ಲ ಕಪ್ಪು ಬೂದಿ. ಅತ್ತೆಗೆ ಬೇರೆ ಉಬ್ಬಸ. ಸ್ನೇಕ್ ಪ್ಲಾಂಟ್, ಲೋಳೆಸರ ಇಟ್ಟರೆ ಗಾಳಿ ಶುದ್ಧವಾಗುತ್ತೆ ಅಂತಾರೆ. ರೂಮಿಗೆ ಎಷ್ಟು ಕುಂಡ ಬೇಕು?

ಉತ್ತರ (ನರ್ಸರಿಯವರು, ಮೈಸೂರು): ಗಿಡ ಮಾರುವವನೇ ಹೇಳುತ್ತಿದ್ದೇನೆ ಮೇಡಂ, ಹೊಗೆಗೋಸ್ಕರ ಗಿಡ ಕೊಳ್ಳಬೇಡಿ. ಈ ಮಾತು ಹಬ್ಬಿದ್ದು ನಾಸಾದವರ 1989ರ ಪ್ರಯೋಗದಿಂದ. ಅಲ್ಲಿ ಗಿಡ ಇಟ್ಟಿದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. ಅಳೆದಿದ್ದು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲ. ಬೂದಿಯ ಮಾತೇ ಇಲ್ಲ. 2019ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಕಿಟಕಿ ಬಾಗಿಲಿಂದ ಗಾಳಿ ಬಂದುಹೋಗುವುದಕ್ಕೆ ಸಮ ಬರಬೇಕಾದರೆ ಒಂದು ಚದರ ಮೀಟರಿಗೆ ಕಡಿಮೆ ಅಂದರೂ 10 ಗಿಡ ಬೇಕಂತೆ. ಹತ್ತಡಿಗೆ ಹತ್ತಡಿ ರೂಮಿಗೆ 90 ದಾಟುತ್ತೆ. ಮಂಚ ಎಲ್ಲಿ ಹಾಕ್ತೀರಿ? ಒಲೆ ಉರಿಯುವ ಹೊತ್ತಲ್ಲಿ ಆ ಕಡೆ ಕಿಟಕಿ ಮುಚ್ಚಿ. ಬೂದಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಉಬ್ಬಸಕ್ಕೆ ಡಾಕ್ಟರನ್ನೇ ಕೇಳಿ.

ಲೋಳೆಸರ ಬೆಳೆಸಿ, ಆದರೆ ಅಡುಗೆಮನೆಗೋಸ್ಕರ. ಒಗ್ಗರಣೆ ಸಿಡಿದು ಚುರುಕ್ ಅಂದರೆ ಮೊದಲು 20 ನಿಮಿಷ ನಲ್ಲಿ ನೀರು ಬಿಡಿ, ಆಮೇಲೆ ಲೋಳೆ. ಗುಳ್ಳೆ ಎದ್ದಿದ್ದರೆ ಬೇಡ. ಎಲೆ ಕೊಯ್ದ ತಕ್ಷಣ ಬುಡದಿಂದ ಹಳದಿ ರಸ ಇಳಿಯುತ್ತೆ ನೋಡಿ, ಅದು ತುಂಬ ಕಹಿ. ಎಲೆಯನ್ನು ಲೋಟದಲ್ಲಿ ನಿಲ್ಲಿಸಿ, ಪೂರ್ತಿ ಸೋರಲಿ. ತೊಳೆದು, ಸಿಪ್ಪೆ ತೆಗೆದು, ಒಳಗಿನ ಗಾಜಿನಂಥ ತಿರುಳು ಮಾತ್ರ ತಗೊಳ್ಳಿ. ಹಳದಿ ರಸ ಹೊಟ್ಟೆಗೆ ಹೋದರೆ ಭೇದಿ ಗ್ಯಾರಂಟಿ. ಬಸುರಿಯರಿಗಂತೂ ಕೂಡದು.

ಕೆಮ್ಮು ಶೀತಕ್ಕೆ ದೊಡ್ಡಪತ್ರೆಯೂ ಒಂದು ಕುಂಡ ಇರಲಿ. ತಂಬುಳಿಗಾದರೂ ಆಯ್ತು.

ಪ್ರಶ್ನೆ (ಕುವೆಂಪುನಗರ, ಮೈಸೂರು): ಅಣ್ಣ, ನನ್ನ ಸ್ನೇಕ್ ಪ್ಲಾಂಟ್ ಬುಡ ಮೆತ್ತಗಾಗಿ ವಾಸನೆ ಬರ್ತಿದೆ. ದಿನಾ ತಪ್ಪದೆ ನೀರು ಹಾಕ್ತಿದ್ದೆ!

ಉತ್ತರ: ತಪ್ಪದೆ ಹಾಕಿದ್ದಕ್ಕೇ ಕೊಳೆತಿದೆ ಅಲ್ವಾ? ಮೆತ್ತಗಾದದ್ದನ್ನು ಕತ್ತರಿಸಿ ಎಸೆಯಿರಿ. ಗಟ್ಟಿ ಎಲೆಯನ್ನು ಬೆರಳುದ್ದ ತುಂಡು ಮಾಡಿ, ಕೊಯ್ದ ಬಾಯಿ ಒಣಗಲು ಎರಡು ಮೂರು ದಿನ ನೆರಳಲ್ಲಿಡಿ. ನೆಡುವಾಗ ಬುಡದ ಕಡೆಯೇ ಕೆಳಗಿರಲಿ, ತಲೆಕೆಳಗಾದರೆ ಬೇರು ಬಿಡಲ್ಲ. ಅಂಚಿಗೆ ಹಳದಿ ಪಟ್ಟಿ ಇರುವ ಜಾತಿಯಾದರೆ ಎಲೆಯಿಂದ ಬಂದ ಮರಿಗೆ ಆ ಪಟ್ಟಿ ಬರಲ್ಲ. ಪಟ್ಟಿ ಬೇಕಂದರೆ ಬೇರು ಸಮೇತ ಮರಿ ಬಿಡಿಸಿ ನೆಡಬೇಕು. ಕೆಂಪು ಮಣ್ಣು, ದಪ್ಪ ಮರಳು ಸಮಸಮ, ಒಂದು ಹಿಡಿ ಗೊಬ್ಬರ ಸಾಕು. ಎರಡು ಇಂಚು ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಕುಂಡ ಎತ್ತರದಲ್ಲಿಡಿ, ಎಲೆ ಕಡಿದರೆ ವಾಂತಿ ಮಾಡಿಕೊಳ್ಳುತ್ತವೆ.