ಚೀನಾದಲ್ಲಿ ಸ್ಟ್ರೈಕ್‌ಗೆ ಕಾನೂನಿನ ರಕ್ಷಣೆ ಇದೆಯಾ?

ಭದ್ರಾವತಿ_ಓದುಗ:
ಭಾನುವಾರ ಶಿವಮೊಗ್ಗದಲ್ಲಿ ನಮ್ಮ ಯೂನಿಯನ್ ಅಧ್ಯಯನ ಕೂಟದಲ್ಲಿ ಚೀನಾ ಕಾರ್ಮಿಕರ ಬಗ್ಗೆ ಚರ್ಚೆ ಇಟ್ಟಿದ್ದೇವೆ. ಅಲ್ಲಿ ಮುಷ್ಕರ ಅಪರಾಧವಾ? ನಮ್ಮ ಹಾಗೆ ನೋಟಿಸು ಕೊಟ್ಟು ಕೂರಬಹುದಾ?

ತುಂಗಾತೀರ:
ಅಪರಾಧವೂ ಅಲ್ಲ, ಹಕ್ಕೂ ಅಲ್ಲ. 1975 ಮತ್ತು 1978ರ ಸಂವಿಧಾನಗಳಲ್ಲಿ ಮುಷ್ಕರದ ಸ್ವಾತಂತ್ರ್ಯ ಇತ್ತು, 1982ರಲ್ಲಿ ತೆಗೆದರು. ನೋಟಿಸು ಕೊಟ್ಟರೆ ಮುಂದಾಳುಗಳ ಪಟ್ಟಿ ನೀವೇ ಬರೆದುಕೊಟ್ಟ ಹಾಗೆ. ಮ್ಯಾನೇಜ್‌ಮೆಂಟ್ ಹಿಡಿಯೋದು ಕಾರ್ಮಿಕ ಕರಾರು ಕಾಯ್ದೆಯ 39ನೇ ಕಲಮು: ಕಾರ್ಖಾನೆ ನಿಯಮ ಗಂಭೀರವಾಗಿ ಮುರಿದವರನ್ನ ಪರಿಹಾರವಿಲ್ಲದೆ ತೆಗೆಯಬಹುದು. ಗೇಟು ದಾಟಿ ರಸ್ತೆಗಿಳಿದರೆ ಗುಂಪುಗೂಡಿ ಶಾಂತಿ ಕದಡಿದ ಕೇಸು. ಅದಕ್ಕೇ ಅಲ್ಲಿ ದಿಢೀರ್ ಕೆಲಸ ನಿಲ್ಲಿಸೋದು ಹೆಚ್ಚು, ಒಂದೇ ಕಾರ್ಖಾನೆಯೊಳಗೆ.

ಮಲೆನಾಡ_ಫಿಟ್ಟರ್:
2010ರ ಮೇ 17ರ ಹೋಂಡಾ ಮುಷ್ಕರ ತಪ್ಪದೆ ಓದಿಸಿ. ಫೋಶಾನ್‌ನ ನಾನ್‌ಹಾಯಲ್ಲಿ ಗೇರ್‌ಬಾಕ್ಸ್ ಮಾಡುವ ಘಟಕ, ಸುಮಾರು 1,800 ಜನ. ಅಸೆಂಬ್ಲಿ ಘಟಕಗಳಲ್ಲಿ ದಾಸ್ತಾನು ಕಡಿಮೆ ಇಡುವ ಪದ್ಧತಿ. ಗೇರ್‌ಬಾಕ್ಸ್ ಬರದೆ ಕೆಲವೇ ದಿನದಲ್ಲಿ ಚೀನಾದ ಹೋಂಡಾ ಕಾರು ಲೈನುಗಳು ನಿಂತವು. ತಿಂಗಳಿಗೆ ಸುಮಾರು 500 ಯುವಾನ್ ಏರಿಕೆ ಸಿಕ್ಕಿತು. ಮೇ 31ರಂದು ಮುಷ್ಕರಗಾರರ ಮೇಲೆ ಕೈ ಮಾಡಿದವರು ಸ್ಥಳೀಯ ಸರ್ಕಾರಿ ಯೂನಿಯನ್ನಿನ ಜನ! ಇಡೀ ದೇಶಕ್ಕೆ ಒಂದೇ ಕಾನೂನುಬದ್ಧ ಕಾರ್ಮಿಕ ಒಕ್ಕೂಟ, ಕಮ್ಯುನಿಸ್ಟ್ ಪಕ್ಷದ ಕೈಯಲ್ಲಿದೆ. 2018ರಲ್ಲಿ ಶೆಂಜೆನ್‌ನ ಜಾಸಿಕ್ ಕಂಪನಿಯ ಕಾರ್ಮಿಕರು ಅದರಡಿಯಲ್ಲೇ ಯೂನಿಯನ್ ಘಟಕ ಕಟ್ಟಲು ಹೋದರು. ಕೆಲಸದಿಂದ ತೆಗೆದರು, ಆಮೇಲೆ ಬಂಧನ. ಬೆಂಬಲಕ್ಕೆ ಬಂದ ವಿದ್ಯಾರ್ಥಿಗಳನ್ನೂ ಬಿಡಲಿಲ್ಲ.

ಭದ್ರಾವತಿ_ಓದುಗ:
ಸಂಬಳ ಬಾಕಿ ಇದ್ದರೆ?

ತುಂಗಾತೀರ:
ಮೊದಲು ಕಾರ್ಮಿಕ ವಿವಾದ ತೀರಿಸೋ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಮಂಡಳಿಗೆ ಅರ್ಜಿ, ಶುಲ್ಕವಿಲ್ಲ. ಕೆಲಸ ಬಿಟ್ಟ 1 ವರ್ಷದೊಳಗೆ ಹಾಕಬೇಕು. ಸ್ವೀಕರಿಸೋದೋ ಬೇಡವೋ ಅಂತ 5 ದಿನದಲ್ಲಿ ಹೇಳ್ತಾರೆ. ತೀರ್ಪಿಗೆ 45 ದಿನ, ಹೆಚ್ಚೆಂದರೆ ಇನ್ನೂ 15. ಒಪ್ಪದಿದ್ದರೆ 15 ದಿನದೊಳಗೆ ಕೋರ್ಟು. 10 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಪ್ರತಿನಿಧಿಗಳನ್ನ ಆರಿಸಬಹುದು. ಎಡವೋದು ದಾಖಲೆಯಲ್ಲಿ: ಬರಹದ ಕರಾರೇ ಇರದ ಕಟ್ಟಡ ಕೆಲಸಗಾರ ತಾನು ಅಲ್ಲಿ ದುಡಿದೆ ಅಂತಲೇ ಮೊದಲು ತೋರಿಸಬೇಕು. ಹಾಜರಿ ಚೀಟಿ, ಬ್ಯಾಂಕ್ ಜಮೆ, ಮೇಸ್ತ್ರಿಯ ಮೆಸೇಜು ಎಲ್ಲಾ ಇಟ್ಟುಕೊಂಡಿರಬೇಕು.

ಮಲೆನಾಡ_ಫಿಟ್ಟರ್:
ನಮ್ಮವರಿಗೆ ತಕ್ಷಣ ಅರ್ಥವಾಗೋ ಉದಾಹರಣೆ: 2014ರ ಏಪ್ರಿಲ್, ಡಾಂಗ್‌ಗುವಾನ್‌ನ ಯುಯೆ ಯುಯೆನ್ ಶೂ ಕಾರ್ಖಾನೆ, ಸುಮಾರು 40,000 ಜನ. ಸಾಮಾಜಿಕ ವಿಮೆಯ ಕಂತನ್ನ ಪೂರ್ತಿ ಗಳಿಕೆಯ ಮೇಲೆ ಕಟ್ಟದೆ ಕಡಿಮೆ ಮೊತ್ತದ ಮೇಲೆ ಕಟ್ಟುತ್ತಿದ್ದರು, ಇಲ್ಲಿ ಪಿಎಫ್‌ಗೆ ಬೇಸಿಕ್ ಮಾತ್ರ ತೋರಿಸೋ ಹಾಗೆ. ಕಂಪನಿ ಕಟ್ಟಲು ಒಪ್ಪಿತು. ಆದರೆ ಹಳೇ ಬಾಕಿ ತುಂಬಿಸಬೇಕಾದರೆ ಕಾರ್ಮಿಕರೂ ತಮ್ಮ ಪಾಲನ್ನ ಹಿಂದಿನಿಂದ ಕಟ್ಟಬೇಕಿತ್ತು. ಹತ್ತಾರು ವರ್ಷ ದುಡಿದವರಿಗೆ ಅದೇ ದೊಡ್ಡ ಹೊರೆ.