ಏರಿನ ಮೇಲೆ ಕಾಯುವ ಗಂಡ, ಸೋಮವಾರದ ಸುಸ್ತು: ಓದುಗರ ಸ್ಪಂದನ

ಕಳೆದ ಬಾರಿ ಪ್ರಕಟವಾದ ಸಮಸ್ಯೆ:

"ನಾನು, ನನ್ನ ಗಂಡ ಇಬ್ಬರೂ ವಾರಪೂರ್ತಿ ಕೆಲಸಕ್ಕೆ ಹೋಗುವವರು. ಶನಿವಾರ, ಭಾನುವಾರ ಬಂತೆಂದರೆ ಸೈಕಲ್‌ಗಳನ್ನು ಕಾರಿಗೆ ಕಟ್ಟಿ ಬೆಟ್ಟದ ಕಡೆ ಹೊರಡುತ್ತೇವೆ. ಮೌಂಟನ್ ಬೈಕಿಂಗ್ ಅಂದರೆ ಅವರಿಗೆ ಮದುವೆಗೆ ಮುಂಚಿನಿಂದಲೂ ಪ್ರಾಣ. ನಾನು ಕಲಿತದ್ದು ಅವರಿಂದಲೇ. ನನಗೂ ಇಷ್ಟ. ಆದರೆ ಏರಿನಲ್ಲಿ ಅವರು ಮುಂದೆ ಹೋಗಿ ಕಾಯುತ್ತಾರೆ. ನಾನು ಏದುಸಿರು ಬಿಡುತ್ತಾ ತಲುಪಿದ ಕೂಡಲೇ 'ಹೊರಡೋಣ್ವಾ?' ಅನ್ನುತ್ತಾರೆ. ಇಳಿಜಾರಿನಲ್ಲಿ ನನಗೆ ಕೈ ನೋವು, ಭಯ. ಭಾನುವಾರ ರಾತ್ರಿ ಮನೆಗೆ ಬಂದರೆ ಕೆಸರು ಬಟ್ಟೆ, ಖಾಲಿ ಅಡುಗೆಮನೆ, ಗುಡಿಸದ ನೆಲ. ಅವರು ಸೈಕಲ್ ತೊಳೆಯುತ್ತಾರೆ. ಉಳಿದದ್ದೆಲ್ಲ ನನ್ನ ಪಾಲು. ಸೋಮವಾರ ಸುಸ್ತಿನಲ್ಲೇ ಶುರು. ಈ ವಾರ ಬೇಡ ಅಂದರೆ 'ಹಾಗಾದರೆ ನಾನೂ ಹೋಗಲ್ಲ' ಅಂತ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ವಾರದಲ್ಲಿ ನಾವು ನೆಮ್ಮದಿಯಾಗಿ ಮಾತಾಡುವುದೇ ಆ ಕಾರಿನಲ್ಲಿ. ಬಿಟ್ಟರೆ ಅದೂ ತಪ್ಪಿಹೋಗುತ್ತದೆ ಅನ್ನುವ ಹೆದರಿಕೆ. ಏನು ಮಾಡಲಿ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಿಮ್ಮ ಪತ್ರ ಓದುವಾಗ ನಾನು ನಿಂತದ್ದು 'ಕೈ ನೋವು' ಅನ್ನುವ ಕಡೆ. ಉಳಿದವರು ಸಂಸಾರದ ಬಗ್ಗೆ ಬರೆಯುತ್ತಾರೆ. ನಾನು ಸೈಕಲ್ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಭಯದಲ್ಲಿ ದೊಡ್ಡ ಪಾಲು ಸೈಕಲ್ಲಿನದೇ ಇರಬಹುದು ಅನ್ನುವುದು ನನ್ನ ಅನುಮಾನ.

ಮೊದಲು ಇದನ್ನು ಕೇಳಿಕೊಳ್ಳಿ. ನಿಮ್ಮ ಸೈಕಲ್ ಹೊಂದಿಸಿದವರು ಯಾರು? ಗಂಡ ತಾನೇ? ಅವರ ತೂಕಕ್ಕೆ, ಅವರ ಕೈಗೆ ಸರಿ ಅನ್ನಿಸಿದ ಹಾಗೆ ಹೊಂದಿಸಿರುತ್ತಾರೆ. ಗಾಳಿ ತುಂಬುವ ಫೋರ್ಕ್ (ಮುಂದಿನ ಚಕ್ರ ಹಿಡಿದು ಹೊಡೆತ ತಡೆಯುವ ಕವಲು) ಇದ್ದರೆ ಅದರ ಒತ್ತಡ ಓಡಿಸುವವರ ತೂಕಕ್ಕೆ ತಕ್ಕಂತಿರಬೇಕು. ನೀವು ಪೂರ್ತಿ ಸವಾರಿಯ ಉಡುಪಿನಲ್ಲಿ ಪೆಡಲ್ ಮೇಲೆ ನಿಂತಾಗ ಮುಂದಿನ ಫೋರ್ಕ್ ತನ್ನ ಒಟ್ಟು ಚಲನೆಯಲ್ಲಿ ಸುಮಾರು ಶೇ. 20ರಷ್ಟು ಕುಗ್ಗಬೇಕು. ಹಿಂದೆಯೂ ಶಾಕ್ ಇದ್ದರೆ ಅದು ಶೇ. 25ರಿಂದ 30. ಭಾರದವರಿಗೆ ಹೊಂದಿಸಿದ ಫೋರ್ಕ್ ಹಗುರ ಇರುವವರ ಕೈಯಲ್ಲಿ ಅಲುಗಾಡುವುದೇ ಇಲ್ಲ. ಆಗ ಪ್ರತಿ ಬೇರು, ಪ್ರತಿ ಕಲ್ಲಿನ ಹೊಡೆತ ನೇರ ಅಂಗೈಗೆ ಬರುತ್ತದೆ. ಫೋರ್ಕಿನ ಕಾಲಿಗೆ ಒಂದು ಸಣ್ಣ ರಬ್ಬರ್ ಉಂಗುರ ಇರುತ್ತದೆ ನೋಡಿ. ಅದನ್ನು ಕೆಳಗೆ ತಳ್ಳಿ, ಮೆಲ್ಲಗೆ ಹತ್ತಿ ನಿಂತು, ಮೆಲ್ಲಗೆ ಇಳಿಯಿರಿ. ಉಂಗುರ ಎಷ್ಟು ಮೇಲೆ ಸರಿದಿದೆಯೋ ಅಷ್ಟು ಕುಗ್ಗಿದೆ ಅಂತ ಲೆಕ್ಕ. ಗಾಳಿ ಕಡಿಮೆ ಮಾಡಿದ ಮೇಲೆ ಫೋರ್ಕ್ ಕುಗ್ಗಿ ಮೇಲೇಳುವ ವೇಗವನ್ನೂ ಹೊಂದಿಸಬೇಕು. ಕಾಲಿನ ತುದಿಯಲ್ಲಿರುವ ಸಣ್ಣ ತಿರುಪು ಅದಕ್ಕೇ ಇರುವುದು.

ಆಮೇಲೆ ಬ್ರೇಕ್. ಸಣ್ಣ ಕೈಯವರಿಗೆ ಬ್ರೇಕಿನ ಹಿಡಿ ದೂರ ಇದ್ದರೆ ಎರಡು ಮೂರು ಬೆರಳು ಚಾಚಬೇಕಾಗುತ್ತದೆ. ಹ್ಯಾಂಡಲ್ ಹಿಡಿಯಲು ಉಳಿಯುವುದು ಇನ್ನೊಂದೆರಡು ಬೆರಳು ಮಾತ್ರ. ಉದ್ದದ ಇಳಿಜಾರಿನಲ್ಲಿ ಮೊಣಕೈವರೆಗೂ ನೋವು ಬರದೆ ಇನ್ನೇನಾಗುತ್ತದೆ? ಹೆಚ್ಚಿನ ಹೈಡ್ರಾಲಿಕ್ ಬ್ರೇಕ್‌ಗಳಲ್ಲಿ ಹಿಡಿಯನ್ನು ಹತ್ತಿರ ತರಲು ಒಂದು ಸ್ಕ್ರೂ ಇರುತ್ತದೆ. ತೋರುಬೆರಳ ಮೊದಲ ಗೆಣ್ಣು ಹಿಡಿಯ ತುದಿಗೆ ಆರಾಮಾಗಿ ಕೂರಬೇಕು, ಒಂದೇ ಬೆರಳಿನಲ್ಲಿ ಸೈಕಲ್ ನಿಲ್ಲಬೇಕು. ಇದು ಐದು ನಿಮಿಷದ ಕೆಲಸ.

ಟೈರಿನ ಗಾಳಿಯೂ ಅಷ್ಟೇ. ಹಗುರ ಇರುವವರು ಗಂಡನಷ್ಟೇ ಗಾಳಿ ಹಾಕಬೇಕಿಲ್ಲ. ಗಟ್ಟಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಒಂದೊಂದೇ ಪಿಎಸ್‌ಐ ಇಳಿಸುತ್ತಾ ನೋಡಿ. ರಿಮ್ಮಿಗೆ ಕಲ್ಲು ಬಡಿಯತೊಡಗಿದರೆ ಸ್ವಲ್ಪ ಏರಿಸಿ.

ಇದನ್ನೆಲ್ಲ ಸರಿ ಮಾಡಿ, ಗಂಡ ಇಲ್ಲದ ಒಂದು ಬೆಳಿಗ್ಗೆ ನಿಮಗೆ ಗೊತ್ತಿರುವ ಸುಲಭದ ಟ್ರೇಲ್‌ನಲ್ಲಿ, ಅಂದರೆ ಬೆಟ್ಟದ ಕಾಲುದಾರಿಯಲ್ಲಿ, ಓಡಿಸಿ. ಆದರೆ ಬೇರೆ ಹೆಂಗಸರ ಜೊತೆ. ಗಂಡನಿಂದ ಕಲಿಯುವಾಗ 'ಮುಂದಿನ ಚಕ್ರ ನೋಡಬೇಡ, ಹೋಗಬೇಕಾದ ಕಡೆ ನೋಡು' ಅನ್ನುವ ಸರಿಯಾದ ಮಾತೂ ಬೈಗುಳದ ಹಾಗೆ ಕೇಳುತ್ತದೆ. ಹೊರಗಿನ ತರಬೇತುದಾರರು ಅದನ್ನೇ ಹೇಳಿದರೆ ನಾವು ತಲೆಯಾಡಿಸುತ್ತೇವೆ, ಅಲ್ವಾ? ನಾನು ಹಲವು ಜೋಡಿಗಳ ಸೈಕಲ್ ಹೊಂದಿಸಿಕೊಟ್ಟಿದ್ದೇನೆ. 'ನಾನು ಪುಕ್ಕಲು' ಅಂತ ಬಂದ ಹೆಂಗಸರು ಎಷ್ಟೋ ಸಲ ಪುಕ್ಕಲಾಗಿರಲಿಲ್ಲ. ಅವರ ಫೋರ್ಕ್ ಗಟ್ಟಿ ಇತ್ತು.

— ಸೈಕಲ್ ರಿಪೇರಿ ಮಾಡುವ ಓದುಗಿ

*

ನಾನು ಏರಿನ ಮೇಲೆ ಕಾಯುವ ಗಂಡ. ನಿಮ್ಮ ಯಜಮಾನರಿಗೆ ಈ ಪತ್ರ ಓದಲು ಕೊಡಿ.

ಸ್ವಾಮಿ, ಒಂದು ಲೆಕ್ಕ ಹಾಕಿ. ನೀವು ಮೇಲೆ ತಲುಪಿ ಹತ್ತು ನಿಮಿಷ ಕೂರುತ್ತೀರಿ. ನಿಮ್ಮ ಹೆಂಡತಿ ತಲುಪುವಷ್ಟರಲ್ಲಿ ನಿಮ್ಮ ಉಸಿರು ತಣ್ಣಗಾಗಿದೆ. ಆಕೆ ಬಂದ ಕೂಡಲೇ ಹೊರಟರೆ ಆಕೆಗೆ ಸಿಗುವ ವಿಶ್ರಾಂತಿ ಸೊನ್ನೆ. ಇಬ್ಬರಲ್ಲಿ ಜಾಸ್ತಿ ದಣಿದವರಿಗೇ ಬಿಡುವಿಲ್ಲ. ದಿನವಿಡೀ ಹೀಗೇ ನಡೆದರೆ ಮಧ್ಯಾಹ್ನದ ಹೊತ್ತಿಗೆ ಆಕೆ ಇನ್ನೂ ನಿಧಾನವಾಗುವುದು ಖಂಡಿತ. ನಮ್ಮಲ್ಲಿರುವ ನಿಯಮ ಇದು: ಕೊನೆಗೆ ಬಂದವರು ಸೈಕಲ್ ಇಳಿದ ಮೇಲೆ ಬಿಡುವು ಶುರು, 'ಹೊರಡೋಣ' ಅನ್ನುವ ಹಕ್ಕೂ ಅವರದೇ. ನಿಮಗೆ ಕಾಲು ಸುಮ್ನಿರಲ್ಲ ಅಂದರೆ ಅದೇ ಏರನ್ನು ಇಳಿದು ಆಕೆಯ ಹತ್ತಿರ ಬನ್ನಿ, ಮತ್ತೆ ಜೊತೆಯಲ್ಲಿ ಹತ್ತಿ. ನಿಮಗೆ ವ್ಯಾಯಾಮ ಸಿಕ್ಕಿತು, ಆಕೆಗೆ ಜೊತೆ ಸಿಕ್ಕಿತು. ಆದರೆ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಅನ್ನುವುದನ್ನು ಮರೆಯಬೇಡಿ. ನಿಲ್ಲಬೇಕಾದವರು ನೀವು.

ಇನ್ನೊಂದು ಮಾತು. ಈ ಆಟ ಬೆಳೆದದ್ದೇ ಗಡಿಯಾರದ ಜೊತೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದಿಂದ ಇಳಿಸಿ ಯಾರು ಬೇಗ ಅಂತ ನೋಡುತ್ತಿದ್ದರು. ಆ ಇಳಿಜಾರಿಗೆ ರೀಪ್ಯಾಕ್ ಅಂತ ಹೆಸರು. ಹಿಂದಕ್ಕೆ ಪೆಡಲ್ ತುಳಿದು ಹಾಕುವ ಬ್ರೇಕ್ ಆಗಿನದು. ಒಂದು ಸಲ ಇಳಿಯುವಷ್ಟರಲ್ಲಿ ಅದರೊಳಗಿನ ಗ್ರೀಸ್ ಸುಟ್ಟು ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ. ಒಬ್ಬರ ಹಿಂದೆ ಒಬ್ಬರನ್ನು ಬಿಟ್ಟು ಹೊತ್ತು ಅಳೆಯುತ್ತಿದ್ದರು. ಈಗ ಆ ಗಡಿಯಾರ ನಮ್ಮ ಫೋನಿನಲ್ಲಿದೆ. ಪ್ರತಿ ಏರಿಗೂ, ಪ್ರತಿ ಇಳಿಜಾರಿಗೂ ಹಿಡಿದ ಹೊತ್ತು ಅಳೆಯುವ ಸ್ಟ್ರಾವಾ ಆ್ಯಪ್ ಒಂದು ಸಂಖ್ಯೆ ಕೊಡುತ್ತದೆ. ಹೆಂಡತಿ ಜೊತೆ ಹೋಗುವ ದಿನ ಅದನ್ನು ಆಫ್ ಮಾಡಿಬಿಡಿ. ಗಡಿಯಾರ ಓಡುತ್ತಿರುವ ತನಕ ಹಿಂದಿರುವವರು ನಿಮಗೆ ತಡ ಮಾಡುವವರಾಗಿಯೇ ಕಾಣುತ್ತಾರೆ.

ಮತ್ತು ಆಕೆಯನ್ನು ಮುಂದೆ ಬಿಡಿ. ವೇಗ ಆಕೆಯದಾಗಲಿ.

— ಕಾಯುವುದನ್ನು ಇಷ್ಟಪಡುವ ಗಂಡ

*

ಮುಂದೆ ಬಿಡಿ ಅನ್ನುವ ಸಲಹೆ ನೂರು ಜನ ಕೊಡುತ್ತಾರೆ. ದಯವಿಟ್ಟು ಕೇಳದೆ ಬಿಡಬೇಡಿ. ಹಿಂದೆ ಯಾರಾದರೂ ಬರುತ್ತಿದ್ದರೆ, ಅವರ ಟೈರಿನ ಸದ್ದು ಕೇಳುತ್ತಿದ್ದರೆ, ನನ್ನ ಕೈಕಾಲೇ ಆಡುವುದಿಲ್ಲ. ತಿರುವಿನಲ್ಲಿ ನಿಂತು ಯೋಚಿಸಬೇಕು ಅನ್ನಿಸಿದರೂ ನಿಲ್ಲಲು ಸಂಕೋಚ. ನನಗೆ ಇಳಿಜಾರಿನಲ್ಲಿ ಗಂಡ ಮುಂದಿದ್ದರೇನೇ ಚೆನ್ನ. ಅವರು ಎಲ್ಲಿ ಬ್ರೇಕ್ ಹಾಕಿದರು, ಬಂಡೆಯ ಯಾವ ಬದಿಯಿಂದ ಹೋದರು ಅಂತ ಕಾಣುತ್ತದೆ. ಆದರೆ ನನ್ನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು ಅನ್ನುವುದು ನಮ್ಮ ಒಪ್ಪಂದ. ಕಷ್ಟದ ಜಾಗ ಬಂದರೆ ಅವರು ಅದರಾಚೆ ನಿಲ್ಲುತ್ತಾರೆ. ಸೈಕಲ್ ಇಳಿದು ತಳ್ಳಿಕೊಂಡು ಹೋದರೆ ಏನೂ ಅನ್ನುವುದಿಲ್ಲ. 'ಪರವಾಗಿಲ್ಲ, ನೀನು ಮಾಡಬಹುದಿತ್ತು' ಅಂತಲೂ ಅನ್ನುವುದಿಲ್ಲ. ಅದು ಮುಖ್ಯ.

— ಹೆಸರು ಬೇಡ

*

ತಂಗಿ, ನಿಮ್ಮ ಪತ್ರದಲ್ಲಿ ಒಂದು ವಾಕ್ಯ ನನಗೆ ಸಿಟ್ಟು ಬರಿಸಿತು. "ಅವರು ಸೈಕಲ್ ತೊಳೆಯುತ್ತಾರೆ. ಉಳಿದದ್ದೆಲ್ಲ ನನ್ನ ಪಾಲು."

ಸೈಕಲ್ ತೊಳೆಯುವುದು ಕೆಲಸ ಹೌದು. ಕೆಸರು ಬಿಡಿಸಬೇಕು, ಚೈನ್ ಒರೆಸಿ ಒಣಗಿಸಿ ಎಣ್ಣೆ ಹಾಕಬೇಕು, ಬ್ರೇಕಿನ ಡಿಸ್ಕಿಗೆ ಎಣ್ಣೆ ತಾಗದಂತೆ ನೋಡಬೇಕು. ಜೋರು ನೀರು ಬಿಟ್ಟರೆ ಬೇರಿಂಗ್ ಹಾಳು. ಇದೆಲ್ಲ ನನಗೂ ಗೊತ್ತು, ನಮ್ಮ ಮನೆಯಲ್ಲೂ ಇಬ್ಬರೂ ಸೈಕಲ್ ಓಡಿಸುತ್ತೇವೆ. ಆದರೆ ಆ ಕೆಲಸ ಮಾಡುವಾಗ ಅವರು ಇನ್ನೂ ತಮ್ಮ ಇಷ್ಟದ ಲೋಕದಲ್ಲೇ ಇರುತ್ತಾರೆ. ನೀವು ಬಾಗಿಲು ದಾಟಿದ ಕೂಡಲೇ ನಿಮ್ಮ ರಜೆ ಮುಗಿಯಿತು. ಅವರ ರಜೆ ಇನ್ನೊಂದು ಗಂಟೆ ನಡೆಯುತ್ತದೆ. ಈ ವ್ಯತ್ಯಾಸ ಅವರಿಗೆ ಕಾಣುತ್ತಿಲ್ಲ ಅಂತ ಕಾಣುತ್ತದೆ. ಕೆಟ್ಟ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ. ಆದರೆ ಯಾರಾದರೂ ತೋರಿಸಬೇಕು.

ಒಂದು ವಾರ ಕೆಲಸ ಅದಲುಬದಲು ಮಾಡಿ. ನೀವು ಸೈಕಲ್ ತೊಳೆಯಿರಿ. ಅವರು ಬಟ್ಟೆ ನೆನೆಸಿ, ಬಾಟಲಿಗಳನ್ನು ತೊಳೆದು, ಅಡುಗೆ ಮಾಡಿ, ಸೋಮವಾರಕ್ಕೆ ಬೇಕಾದ್ದನ್ನು ಹೊಂದಿಸಲಿ. ಇದನ್ನು ಸೇಡಿಗಾಗಿ ಮಾಡಬೇಡಿ. ನಗುನಗುತ್ತಾ ಹೇಳಿ. ನಿಮ್ಮ ಸೈಕಲ್ಲಿನ ಪರಿಚಯವೂ ನಿಮಗಾಗುತ್ತದೆ.

ಇನ್ನು ಎರಡೂ ದಿನ ಹೋಗಲೇಬೇಕಾ? ಜಾಸ್ತಿ ದುಡಿದ ಸ್ನಾಯುಗಳ ನೋವು ಅದೇ ದಿನ ಪೂರ್ತಿ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಜಾಸ್ತಿಯಾಗುತ್ತದೆ. ಭಾನುವಾರ ಸಂಜೆವರೆಗೂ ಬೆಟ್ಟ ಹತ್ತಿದರೆ ಅದರ ಸುಂಕವನ್ನು ಸೋಮವಾರ, ಮಂಗಳವಾರ ಕಟ್ಟಬೇಕು, ಅದೂ ಆಫೀಸಿನಲ್ಲಿ ಕೂತು. ಶನಿವಾರ ಬೆಳಿಗ್ಗೆ ಬೇಗ ಹೊರಟು ಚೆನ್ನಾಗಿ ಸುತ್ತಿ ಬನ್ನಿ. ಭಾನುವಾರ ಮನೆ, ನಿದ್ದೆ, ಮನಸ್ಸಾದರೆ ಸಂಜೆ ಹತ್ತಿರದಲ್ಲೇ ಒಂದು ಸಣ್ಣ ಸುತ್ತು. ಒಂದು ದಿನ ಕಡಿಮೆ ಮಾಡಿದರೆ ಪ್ರೀತಿ ಕಡಿಮೆಯಾಗುವುದಿಲ್ಲ.

— ಎರಡು ಸೈಕಲ್, ಒಂದೇ ಬಕೆಟ್ ಇರುವ ಮನೆಯವಳು

*

ಇ-ಬೈಕ್ ಬಗ್ಗೆ ಯೋಚಿಸಿದ್ದೀರಾ? ನಿಮ್ಮ ಗಂಡ ಮೋಟರ್ ಇಲ್ಲದ ಸೈಕಲ್, ನೀವು ಮೋಟರ್ ಇರುವುದು. ಏರಿನಲ್ಲಿ ಇಬ್ಬರೂ ಪಕ್ಕಪಕ್ಕ. ನಮ್ಮಲ್ಲಿ ಇದರಿಂದ ದಿನಗಳೇ ಬದಲಾದವು. ಪೆಡಲ್ ತುಳಿಯದೆ ಅದು ಓಡುವುದಿಲ್ಲ, ಬೆವರು ಬಂದೇ ಬರುತ್ತದೆ. ಯುರೋಪಿನ ನಿಯಮದಂತೆ ಮೋಟರ್ 250 ವ್ಯಾಟ್, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ನಿಲ್ಲುತ್ತದೆ. ಆದರೆ ಎರಡು ವಿಷಯ ತಿಳಿದಿರಲಿ. ಹೆಚ್ಚಿನವು 20 ಕಿಲೋಗಿಂತ ಭಾರ. ಕಾರಿಗೆ ಎತ್ತುವಾಗ, ಕಲ್ಲಿನ ಜಾಗದಲ್ಲಿ ತಳ್ಳುವಾಗ ಅದು ಗೊತ್ತಾಗುತ್ತದೆ. ಕೆಲವು ಟ್ರೇಲ್‌ಗಳಲ್ಲಿ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಬಾಡಿಗೆಗೆ ಸಿಕ್ಕಿದರೆ ಒಂದು ದಿನ ಓಡಿಸಿ ನೋಡಿ. ನಿಮಗೆ ಬೇಕು ಅನ್ನಿಸಿದರೆ ಮಾತ್ರ ತೆಗೆದುಕೊಳ್ಳಿ. 'ನೀನು ನಿಧಾನ, ಅದಕ್ಕೇ ಇದು' ಅಂತ ಯಾರೋ ಕೊಡಿಸಿದ ಸೈಕಲ್ ಮೂಲೆ ಸೇರುತ್ತದೆ.

— ಮೋಟರ್ ಮೆಚ್ಚಿದವಳು

*

ಮಗಳೇ, ನನಗೆ ನಿನ್ನ ತಾಯಿಯ ವಯಸ್ಸು. ಈಗ ಸೈಕಲ್ ಓಡಿಸುವುದಿಲ್ಲ, ಮೊಣಕಾಲು ಒಪ್ಪುವುದಿಲ್ಲ. ನಮ್ಮವರು ಈಗಲೂ ಹೋಗುತ್ತಾರೆ.

ಎಲ್ಲರೂ ನಿನ್ನ ಏರು, ನಿನ್ನ ಬ್ರೇಕು, ನಿನ್ನ ಬಟ್ಟೆ ಬಗ್ಗೆ ಬರೆಯುತ್ತಾರೆ. ನನಗೆ ಕಾಡಿದ್ದು ಕಾರಿನ ಮಾತು. ವಾರದಲ್ಲಿ ಐದು ದಿನ ಮಾತಿಲ್ಲದೆ, ಹೋಗುವಾಗ ಬರುವಾಗ ಮಾತ್ರ ಮಾತು ಅಂದರೆ ನೀನು ಸೈಕಲ್ ಬಿಡಲು ಹೆದರುವುದು ಸಹಜ. ಅಷ್ಟು ದೊಡ್ಡ ಭಾರವನ್ನು ಒಂದು ಹವ್ಯಾಸದ ಮೇಲೆ ಹೊರಿಸಬಾರದು. ಸೈಕಲ್ ಸೈಕಲ್ಲಾಗಿ ಇರಲಿ. ಬುಧವಾರವೋ ಗುರುವಾರವೋ ಒಂದು ಸಂಜೆ ಫೋನ್ ಪಕ್ಕಕ್ಕಿಟ್ಟು ಇಬ್ಬರೂ ನಡೆಯಲು ಹೋಗಿ. ಕಾರಿನಲ್ಲಿ ಮಾತು ಸುಲಭವಾಗಲು ಕಾರಣ ಇದೆ. ಇಬ್ಬರೂ ಮುಂದೆ ನೋಡುತ್ತಿರುತ್ತೀರಿ, ಎದ್ದು ಹೋಗುವ ಹಾಗಿಲ್ಲ. ನಡೆಯುವಾಗಲೂ ಹಾಗೇ.

ಆತ 'ನಾನೂ ಹೋಗಲ್ಲ' ಅಂದಾಗ ನೀನು ಏನು ಹೇಳುತ್ತೀಯ? ಸುಮ್ನಾಗುತ್ತೀಯ ಅಂತ ನನ್ನ ಊಹೆ. ಮುಂದಿನ ಸಲ ಸುಮ್ನಾಗಬೇಡ. 'ನೀವು ಹೋಗಿ, ನನಗೆ ಬೇಜಾರಿಲ್ಲ. ಸಂಜೆ ಬಂದು ಹೇಗಿತ್ತು ಹೇಳಿ' ಅನ್ನು. ಅನ್ನುವಾಗ ಮನಸ್ಸಿನಿಂದ ಅನ್ನು. ಆತನಿಗೂ ತನ್ನ ವೇಗದಲ್ಲಿ, ಕಪ್ಪು ವಜ್ರದ ಗುರುತಿನ ಕಷ್ಟದ ದಾರಿಗಳಲ್ಲಿ ಓಡಿಸುವ ಆಸೆ ಇರುತ್ತದೆ. ನಿನ್ನ ಜೊತೆ ಹಸಿರು, ನೀಲಿ ಗುರುತಿನ ದಾರಿಯಲ್ಲಿ ಬರುವಾಗ ಆ ಆಸೆಯನ್ನು ಅದುಮಿಟ್ಟುಕೊಂಡಿರಬಹುದು. 'ಹೊರಡೋಣ್ವಾ' ಅನ್ನುವ ಅವಸರ ಅಲ್ಲಿಂದಲೇ ಬಂದಿರಬಹುದು. ಒಂಟಿಯಾಗಿ ಮನಸಾರೆ ಓಡಿಸಿ ಬಂದವರು ಮುಂದಿನ ವಾರ ಜೊತೆಯಲ್ಲಿ ಬರುವಾಗ ತಾಳ್ಮೆ ತರುತ್ತಾರೆ. ನಮ್ಮ ಮನೆಯಲ್ಲಿ ನೋಡಿ ಹೇಳುತ್ತಿದ್ದೇನೆ.

— ಹಿರಿಯ ಓದುಗಿ

*

ಮೇಲಿನ ಸಲಹೆಗಳ ಜೊತೆ ಇದೂ ಇರಲಿ. ಅವರು ಒಬ್ಬರೇ ಹೋಗುವ ದಿನ ಶುರುವಾದರೆ, ಹೊರಡುವ ಮುಂಚೆ ಯಾವ ಟ್ರೇಲ್, ಯಾವ ಕಡೆಯಿಂದ ಇಳಿಯುತ್ತಾರೆ, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಬೆಟ್ಟದಲ್ಲಿ ಫೋನ್ ಸಿಗದೇ ಇರಬಹುದು, ಆದ್ದರಿಂದ 'ತಲುಪಿದ ಮೇಲೆ ಹೇಳುತ್ತೇನೆ' ಅನ್ನುವುದು ಸಾಲದು. ದಾರಿ ಬದಲಿಸಿದರೆ ಸಿಗ್ನಲ್ ಇರುವ ಕಡೆಯೇ ನಿಂತು ತಿಳಿಸಲಿ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಬೇಕು, ಒಳಗಿನ ಫೋಮ್ ಒಂದು ಸಲ ಕುಗ್ಗಿದರೆ ಮತ್ತೆ ಕಾಯುವುದಿಲ್ಲ. ಹೇಳಿದ ಹೊತ್ತು ಮೀರಿದರೆ ಇನ್ನೆಷ್ಟು ಹೊತ್ತು ಕಾಯಬೇಕು, ಆಮೇಲೆ ಮೊದಲು ಯಾರಿಗೆ ಫೋನ್ ಮಾಡಬೇಕು, ಇದನ್ನು ಇಬ್ಬರೂ ಕೂತು ಮೊದಲೇ ಮಾತಾಡಿಕೊಳ್ಳಿ.

— ಒಂಟಿ ಸವಾರ